ಪುಡಿ ಸಾಹೇಬರ ಸೂಜಿ

ಹೊಳೆನರಸೀಪುರದಿಂದ ಮೊನ್ನೆ ಒಂದು ಕಾರ್ಡು ಬಂತು. ಪುಡಿ ಸಾಹೇಬರು ಹೋಗಿಬಿಟ್ಟರಂತೆ. ಹೋದ ಸೋಮವಾರ ಕಾಫಿ ಕುಡಿದು ಜಗಲಿಯ ಮೇಲೆ ಕೂತವರು ಹಾಗೇ ಒರಗಿದರು ಎಂದು ಅವರ ಮಗ ಬರೆದಿದ್ದ. ಜಾಗ ಸಾಲದೆ ಅಂಚಿನಲ್ಲಿ ಸೊಟ್ಟಗೆ ಇನ್ನೂ ಎರಡು ಸಾಲು ತುರುಕಿದ್ದ: "ಕೊನೆಯವರೆಗೂ ಕೈ ನಡುಗಲಿಲ್ಲವೆಂದು ನಿಮಗೆ ತಪ್ಪದೆ ತಿಳಿಸಬೇಕೆಂದು ಅಪ್ಪ ಮೊದಲೇ ಹೇಳಿಟ್ಟಿದ್ದರು. ಇದರ ಅರ್ಥ ನಮಗಾರಿಗೂ ಗೊತ್ತಿಲ್ಲ, ನಿಮಗೆ ಗೊತ್ತಂತೆ."

ನನಗೆ ಗೊತ್ತು. ಅಳು ಬಂತು, ಸುಳ್ಳು ಹೇಳುವುದಿಲ್ಲ. ಅಳುತ್ತಾ ಇರುವಾಗಲೇ ನಗುವೂ ಬಂದುಬಿಟ್ಟಿತು. ಪಕ್ಕದ ಮನೆಯಾಕೆ ಕಿಟಕಿಯಿಂದ ಇಣುಕಿ, ಈ ಮುದುಕಿಗೇನಾಯಿತಪ್ಪ ಎನ್ನುವ ಹಾಗೆ ನೋಡಿ ಹೋದಳು. ನೋಡಲಿ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಅಚ್ಚಿನಲ್ಲಿ ಬರುವುದೆಂದರೆ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ಇಲಾಖೆಯ ಸುತ್ತೋಲೆಯಲ್ಲಿ ಅವರ ಹೆಸರು ಬಂದಿತ್ತು. ಮೆಮೋ ಕೊಟ್ಟಿದ್ದಾರೆ ಎಂದುಕೊಂಡು ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ಯಾರೋ ಪೂರ್ತಿ ಓದಿ, "ಸ್ವಾಮಿ, ಇದು ನಿಮ್ಮನ್ನು ಹೊಗಳಿರೋದು" ಎಂದಾಗ, "ಹೊಗಳೋಕೆ ಹೆಸರು ಯಾಕೆ ಬೇಕಿತ್ತು?" ಎಂದು ಇನ್ನೂ ಸಿಟ್ಟಾದರು. ಹಳ್ಳಿಗಳಲ್ಲಿ ಅವರನ್ನು ಪುಡಿ ಸಾಹೇಬರು ಎನ್ನುತ್ತಿದ್ದರು. ಸಾಹೇಬರಾಗುವಂಥ ಹುದ್ದೆಯೇನೂ ಅಲ್ಲ. ಹಳ್ಳಿ ಸುತ್ತಿ ಬೇಸಾಯ ಹೇಳಿಕೊಡುವ ಕೃಷಿ ಇಲಾಖೆಯ ಹಳೆಯ ಕಾಮದಾರರು, ಆಮೇಲೆ ಬ್ಲಾಕ್ ಆಫೀಸು ಬಂದಾಗ ಗ್ರಾಮಸೇವಕರಾದರು. ಬೀಜಕ್ಕೆ ಹಾಕುವ ಪುಡಿಯನ್ನು ಊರೂರಿಗೆ ಒಯ್ದವರು ಅವರು, ಅದಕ್ಕೇ ಆ ಹೆಸರು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಹಾಸನದ ಪೇಟೆ ಹುಡುಗಿ, ಗ್ರಾಮಸೇವಿಕೆ ತರಬೇತಿ ಮುಗಿಸಿ ಚನ್ನರಾಯಪಟ್ಟಣ ಬ್ಲಾಕಿಗೆ ಬಂದಿದ್ದೆ. ಹೊಗೆ ಬರದ ಒಲೆ ಕಟ್ಟಿಸುವುದು, ಮಹಿಳಾ ಮಂಡಲಿ ಸೇರಿಸುವುದು, ಹೊಲಿಗೆ ಕಲಿಸುವುದು ನನ್ನ ಕೆಲಸ. ಒಲೆಯಲ್ಲಿ ಹೊಗೆ ಬರುತ್ತಲೇ ಇತ್ತು, ಅದು ಬೇರೆ ಮಾತು. ಹಿರೀಸಾವೆ ಕಡೆಯ ಏಳೆಂಟು ಹಳ್ಳಿಗಳು ನನಗೂ ಅವರಿಗೂ ಹಂಚಿಕೆಯಾಗಿದ್ದವು. ಅವರಿಗಾಗ ಐವತ್ತಕ್ಕೆ ಎರಡೋ ಮೂರೋ ಕಮ್ಮಿ. ಬಿದಿರುಗಳುವಿನಂಥ ಮೈ, ಖಾಕಿ ಕೋಟು, ಸೈಕಲ್ಲಿನ ಬಾರಿಗೆ ಕಟ್ಟಿದ ಕೊಡೆ. ಅರಕಲಗೂಡು ಕಡೆಯವರು. ನನ್ನನ್ನು ಮೊದಲ ದಿನದಿಂದಲೇ "ತಾಯಿ" ಎಂದು ಕರೆದರು. ಇಪ್ಪತ್ತೆರಡು ವರ್ಷದ ನನಗೆ ಅದು ಸ್ವಲ್ಪವೂ ಹಿಡಿಸಲಿಲ್ಲ.

ಅವರ ಒಂದು ಅಭ್ಯಾಸ ಹೇಳಲೇಬೇಕು. ಏನು ಮಾಡುವ ಮುಂಚೆಯೂ ಬೆರಳು ನೆಕ್ಕಿ ಮೇಲೆತ್ತಿ, "ಗಾಳಿ ಎತ್ತಲಿಂದ?" ಎಂದು ಕೇಳುತ್ತಿದ್ದರು. ಪುಡಿ ಡಬ್ಬಿ ತೆರೆಯುವಾಗ ಮುಖಕ್ಕೆ ಹಾರದಿರಲಿ ಎಂದು ಶುರುವಾದದ್ದು, ಮೈಗೇ ಅಂಟಿಕೊಂಡಿತ್ತು. ಊಟಕ್ಕೆ ಕೂರುವ ಮುಂಚೆ ಗಾಳಿ ಎತ್ತಲಿಂದ, ನಶ್ಯದ ಡಬ್ಬಿ ತೆರೆಯುವ ಮುಂಚೆ ಗಾಳಿ ಎತ್ತಲಿಂದ. ಬಿ.ಡಿ.ಒ. ಸಾಹೇಬರ ಕೋಣೆಗೆ ಹೋಗುವ ಮುಂಚೆಯೂ ಜವಾನನನ್ನು ಕೇಳುತ್ತಿದ್ದರು. ಅವನು ಬಾಗಿಲಿಗೆ ಕಿವಿ ಕೊಟ್ಟು, "ಇವತ್ತು ಬ್ಯಾಡಿ ಸಾ, ಜೋರಾಗ್ ಬೀಸ್ತಾ ಐತೆ" ಎನ್ನುತ್ತಿದ್ದ. ಅವರು ಮೆಲ್ಲಗೆ ವಾಪಸು ಬರುತ್ತಿದ್ದರು.

ಇನ್ನು ಆ ಪುಡಿ. ಬೂದುಬಣ್ಣದ್ದು, ಮೂಗಿಗೆ ಹತ್ತುವ ಒಂಥರಾ ವಾಸನೆ, ಪಾದರಸ ಸೇರಿಸಿ ಮಾಡಿದ್ದು. ಜೋಳಕ್ಕೆ ಕಾಡಿಗೆ ರೋಗ ಬಂದು ತೆನೆಯೆಲ್ಲ ಕಪ್ಪಾಗುತ್ತಿತ್ತಲ್ಲ, ಅದಕ್ಕೆ ಮದ್ದು. ಬಿತ್ತುವ ಮುಂಚೆ ಬೀಜವನ್ನೂ ಪುಡಿಯನ್ನೂ ಹಿಡಿಕೆಯಿದ್ದ ತಗಡಿನ ಡ್ರಮ್ಮಿಗೆ ಹಾಕಿ ಗರಗರ ತಿರುಗಿಸಬೇಕು. ಊರಿನವರಿಗೆ ಡ್ರಮ್ಮು ಇಷ್ಟವಾಯಿತು, ಪುಡಿ ಇಷ್ಟವಾಗಲಿಲ್ಲ. ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರ ಬೇರೆ. ಅದನ್ನು ನೋಡಿ ಯಾರೂ ಹತ್ತಿರ ಸುಳಿಯರು. ಆಗ ಇವರು ತಮ್ಮ ವಾಗ್ಮಿತೆ ತೆಗೆದರು. ಮಾತಾಡುವುದೆಂದರೆ ಇವರಿಗೆ ಪ್ರಾಣ. ಹೋಲಿಕೆ ಕೊಡದೆ ಒಂದು ಮಾತೂ ಆಡುತ್ತಿರಲಿಲ್ಲ. ಹಿರೀಸಾವೆಯಿಂದ ಮೂರು ಮೈಲಿ ಒಳಗಿನ ಒಂದು ಹಳ್ಳಿಯಲ್ಲಿ, ಅರಳಿಕಟ್ಟೆಯ ಮೇಲೆ ನಿಂತು, ನನ್ನ ಕಿವಿಯಾರೆ ಕೇಳಿದ್ದೇನೆ:

"ಬಸುರಿ ಎಂಗಸಿಗೆ ಮದ್ದು ಕೊಡ್ತೀರೋ ಇಲ್ವೋ? ಕೊಟ್ರೆ ಮಗು ಗಟ್ಯಾಗಿ ಉಟ್ಟತ್ತೆ. ಬೀಜ ಅಂದ್ರೂ ಬಸುರಿ ಇದ್ದಂಗೇ ಕಣ್ರಯ್ಯಾ. ಒಟ್ಟೇಲಿ ಮಗು ಮಡಿಕ್ಕಂಡದೆ. ಅದಕ್ಕೆ ಈ ಪುಡೀನೇ ಮದ್ದು. ಆ ಬುರುಡೆ ಚಿತ್ರ ನಿಮ್ಮನ್ನ ಎದರ್ಸಕ್ಕಲ್ಲ, ರೋಗಾನ ಎದರ್ಸಕ್ಕೆ!"

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕೂತ ನಿಂಗಮ್ಮ ಎನ್ನುವ ಹೆಂಗಸು, ಊರಿನಲ್ಲಿ ಆಕೆಯ ಮಾತಿಗೆ ಎದುರಿಲ್ಲ, ತಲೆಯಾಡಿಸಿ, "ಈಗ ಏಳಿದ್ರಿ ನೋಡಿ ಒಂದ್ ಮಾತಾ" ಎಂದಳು. ಆ ವರ್ಷ ಅಲ್ಲಿ ಎಂಟು ಮನೆಯವರು ಬೀಜಕ್ಕೆ ಪುಡಿ ಹಾಕಿಸಿದರು. ಇವರು ಸೈಕಲ್ ತುಳಿಯುತ್ತಾ ಹಾಡು ಗುನುಗಿದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

ಬಿತ್ತನೆ ಮುಗಿದ ದಿನ ನಾವಿಬ್ಬರೂ ಮತ್ತೆ ಆ ಊರಿಗೆ ಹೋದೆವು. ಅವರಿಗೆ ಡ್ರಮ್ಮು ವಾಪಸು ತರಬೇಕಿತ್ತು, ನನಗೆ ಹೊಲಿಗೆ ಕ್ಲಾಸು. ನಿಂಗಮ್ಮನ ಮನೆ ಮುಂದೆ ಬೀಜ ಬಿತ್ತುವ ಕೂರಿಗೆಯನ್ನು ತೊಳೆದು, ಅರಿಶಿನ ಕುಂಕುಮ ಇಟ್ಟು, ಗೋಡೆಗೆ ಒರಗಿಸಿದ್ದರು. ನಿಂಗಮ್ಮ ನಗುನಗುತ್ತಾ ಬಾಗಿಲಿಗೆ ಬಂದಳು.

"ಬನ್ನಿ ಸಾ, ಬಾರವ್ವ ಸೇವಿಕಮ್ಮ. ಒಳ್ಳೆ ಒತ್ಗೇ ಬಂದ್ರಿ. ಕೂರ್ಗೆ ಗುಗ್ಗರಿ ಆಯ್ತು ಈಗ್ತಾನೆ."

ನನಗೆ ಗೊತ್ತಿರಲಿಲ್ಲ, ಆಮೇಲೆ ತಿಳಿಯಿತು. ಆ ಮನೆಗಳಲ್ಲಿ ಒಂದು ಪದ್ಧತಿ. ಬಿತ್ತನೆ ಮುಗಿದಾಗ ಕೂರಿಗೆಯ ಬಟ್ಟಲಲ್ಲಿ ಉಳಿದ ಎರಡು ಮೂರು ಹಿಡಿ ಬೀಜವನ್ನು ವಾಪಸು ಕಣಜಕ್ಕೆ ಹಾಕಬಾರದು. ಗುಗ್ಗರಿ ಬೇಯಿಸಬೇಕು. ಮನೆಯಲ್ಲಿ ಬಸುರಿ ಇದ್ದರೆ ಮೊದಲ ಹಿಡಿ ಅವಳಿಗೆ. ಉಳಿದದ್ದು ಕೂರಿಗೆ ಎಳೆದ ಎತ್ತುಗಳಿಗೆ. ನಿಂಗಮ್ಮನ ಸೊಸೆ ಜಯಮ್ಮನಿಗೆ ಆಗ ಐದು ತಿಂಗಳು, ಚೊಚ್ಚಲು.

ಇವರು ಹೊಸ್ತಿಲ ಮೇಲೇ ನಿಂತುಬಿಟ್ಟರು. "ಯಾವ ಬೀಜದ್ದು ನಿಂಗಮ್ಮ?"

"ಇನ್ಯಾವ್ದು, ನೀವೇ ಪುಡಿ ಆಕ್ಕೊಟ್ಟಿದ್ದು."

"ತೊಳೆದ್ರಾ?"

"ಅಯ್, ತೊಳ್ಯಾದುಂಟಾ? ಮದ್ದೆಲ್ಲ ಓಗ್ಬುಡಾಕಿಲ್ವಾ? ಬಸುರಿಗೂ ಬೀಜಕ್ಕೂ ಒಂದೇ ಮದ್ದು ಅಂತ ನೀವೇ ಏಳಿದ್ರಲ್ಲ ಸಾ. ಅದಕ್ಕೇಯ ಬೆಲ್ಲ ಆಕಿ ಅಂಗೇ ಬೇಯ್ಸಿ ಕೊಟ್ಟೆ."

"ತಿಂದಳಾ?"

"ತಿಂದ್ಲು ಒಂದ್ ಇಡಿ. ತಟ್ಟೆ ಎಂಗ್ ಬಳ್ದವ್ಳೆ ನೋಡಿ."

ಜಯಮ್ಮ ಅಡುಗೆಮನೆ ಬಾಗಿಲ ಹಿಂದಿನಿಂದ ನಾಚಿಕೊಂಡು ಇಣುಕಿದಳು. ಕೈಯಲ್ಲಿ ಖಾಲಿ ತಟ್ಟೆ. ಇವರ ಕಡೆ ನೋಡಿದರೆ ಮುಖ ಸುಣ್ಣದ ಗೋಡೆಯಾಗಿದೆ. ನಿಂಗಮ್ಮ ಉಳಿದದ್ದನ್ನು ಎತ್ತುಗಳ ಕಡೆ ಒಯ್ಯಲು ಸಣ್ಣ ಮಡಕೆ ಎತ್ತಿಕೊಂಡಿದ್ದಳು. ಇವರು ಅದನ್ನು ಅವಳ ಕೈಯಿಂದ ಹೆಚ್ಚು ಕಡಿಮೆ ಕಿತ್ತುಕೊಂಡರು. ಹಿತ್ತಲಿಗೆ ಹೋದರು. ನಾನೂ ಓಡಿದೆ. ಅವರು ಮಡಕೆಗೆ ಕೈ ಹಾಕಿ, ಒಂದು ಹಿಡಿ ತೆಗೆದು, ಅಂಗೈಯಲ್ಲಿ ಒಮ್ಮೆ ನೋಡಿ, ಬಾಯಿಗೆ ಹಾಕಿಕೊಂಡು ಅಗಿದು ನುಂಗಿದರು.

"ನಿಮಗೆ ತಲೆಗಿಲೆ ಕೆಟ್ಟಿದೆಯಾ?" ನಾನು ಕೂಗಿದೆ.

"ಮೆತ್ತಗೆ ತಾಯಿ," ಎಂದರು ಬಾಯಿ ಒರೆಸಿಕೊಳ್ಳುತ್ತಾ. "ಅವಳೂ ಒಂದ್ ಹಿಡಿ, ನಾನೂ ಒಂದ್ ಹಿಡಿ. ಅದು ಮೈಯಲ್ಲಿ ಏನ್ ಮಾಡತ್ತೆ, ಎಷ್ಟು ದಿನ ಇರತ್ತೆ, ನನಗೇ ಮೊದಲು ತಿಳೀಬೇಕು. ತಿಳಿದರೆ ಅವಳನ್ನ ಆಸ್ಪತ್ರೆಗೆ ಹಾಕಬಹುದು. ಮಾತಾಡಿದ ಬಾಯಿ ಇದು, ತಿನ್ನಲಿ."

ಎರಡಡಿ ಗುಂಡಿ ತೋಡಿ ಉಳಿದದ್ದನ್ನು ಹೂತರು. ಬೀಜಕ್ಕೆ ಹಾಕಿದ ಪುಡಿ ಯಾರೂ ತಿನ್ನುವಂಥದ್ದಲ್ಲ, ಇನ್ನೊಮ್ಮೆ ಹೀಗೆ ಮಾಡಬೇಡಿ ಎಂದು ಊರಿಗೆಲ್ಲ ಹೇಳಿದರು. ಇಷ್ಟು ಮಾಡುವಾಗ ಗಾಳಿ ಎತ್ತಲಿಂದ ಎಂದು ಕೇಳುವುದನ್ನೇ ಮರೆತಿದ್ದರು.

ಮಾರನೆಯ ದಿನ ಮೊದಲ ಬಸ್ಸಿಗೆ ಹಾಸನ. ನಮ್ಮ ತಂದೆಗೆ ಪರಿಚಯದ ಡಾಕ್ಟರೊಬ್ಬರಿದ್ದರು. ಬಾಯಿ ಒರಟು, ಕೈ ಒಳ್ಳೆಯದು. ಇವರು ಕುರ್ಚಿಯ ಅಂಚಿನಲ್ಲಿ ಕೂತು ಕೇಳಿದ್ದು ಒಂದೇ ಪ್ರಶ್ನೆ: "ಊಟದ ಜೊತೆ ಹೋದ ಪಾದರಸ ಮೈಯಲ್ಲಿ ಎಷ್ಟು ದಿನ ಇರತ್ತೆ ಸಾರ್?"

"ಅದೇನು ಬಂದ ದಿನವೇ ಬಸ್ಸು ಹತ್ತೋ ನೆಂಟನೇನ್ರೀ?" ಎಂದರು ಡಾಕ್ಟರು. "ನಿಖರವಾಗಿ ನನಗೂ ಗೊತ್ತಿಲ್ಲ. ಯಾವ ಜಾತಿ ಪಾದರಸ ಅನ್ನೋದರ ಮೇಲೆ ಹೋಗತ್ತೆ. ಎರಡು ತಿಂಗಳಿಗೆ ಅರ್ಧ ಹೊರಗೆ ಹೋಗತ್ತೆ ಅಂತ ಇಟ್ಕೊಳ್ಳಿ. ಇನ್ನೆರಡು ತಿಂಗಳಿಗೆ ಉಳಿದದ್ದರಲ್ಲಿ ಅರ್ಧ. ಆಮೇಲೆ ಅದರಲ್ಲರ್ಧ."

"ಸೊನ್ನೆ ಯಾವಾಗ ಆಗತ್ತೆ?"

"ಅರ್ಧ ಮಾಡ್ತಾ ಹೋದರೆ ಸೊನ್ನೆ ಹೆಂಗ್ರೀ ಆಗತ್ತೆ? ಲೆಕ್ಕ ಓದಿಲ್ವಾ?"

ಆ ಮಾತನ್ನು ಡಾಕ್ಟರು ಆಡಬಾರದಿತ್ತು. ಇವರ ತಲೆಯಲ್ಲಿ ಅದು ಮೊಳೆ ಹೊಡೆದ ಹಾಗೆ ಕೂತುಬಿಟ್ಟಿತು. ಆಮೇಲೆ ಡಾಕ್ಟರು ತಣ್ಣಗೆ ವಿವರಿಸಿದರು: ತಿಂದದ್ದು ಸ್ವಲ್ಪ, ಹೆಚ್ಚಾಗಿ ಏನೂ ಆಗಲಾರದು, ಆದರೆ ಬಸುರಿಯ ಮೈಯಿಂದ ಮಗುವಿಗೆ ಹೋಗುವುದೇ ಇಲ್ಲ ಎಂದು ತಾನು ಬರೆದುಕೊಡಲಾರೆ, ಅವಳನ್ನು ಸುಮ್ಮನೆ ಹೆದರಿಸಬೇಡಿ, ತಿಂಗಳಿಗೊಮ್ಮೆ ತೋರಿಸಿ, ತುಟಿ ಜೋಮು ಹಿಡಿಯುತ್ತದೆಯೇ, ಕೈ ನಡುಗುತ್ತದೆಯೇ ನೋಡಿಕೊಳ್ಳುತ್ತಿರಿ. ಎಷ್ಟೋ ವರ್ಷದ ಮೇಲೆ, ವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಸೋದರಳಿಯನನ್ನು ಕೇಳಿದೆ. ಮೀನು ತಿಂದವರ ಮೈಗೆ ಸೇರುವ ಪಾದರಸವೂ ಸುಮಾರು ಎರಡು ತಿಂಗಳಿಗೆ ಅರ್ಧವಾಗುತ್ತದಂತೆ, ಬೇರೆ ಬಗೆಯದ್ದಕ್ಕೆ ಬೇರೆ ಲೆಕ್ಕವಂತೆ. ಆ ಒರಟು ಮನುಷ್ಯ ಅಂದಾಜಿನ ಮೇಲೆ ಸರಿಯಾಗಿಯೇ ಹೇಳಿದ್ದ.

ವಾಪಸು ಬರುವಾಗ ಬಸ್ಸಿನಲ್ಲಿ ಇವರು ಬೆರಳು ಎಣಿಸಿದರು. "ಹೆರಿಗೆ ಹೊತ್ತಿಗೆ ನಾಕು ತಿಂಗಳು. ಕಾಲು ಹಿಡಿ ಉಳಿದಿರತ್ತೆ ತಾಯಿ. ಕಾಲು ಹಿಡಿ."

ಮಾರನೆಯ ಬೆಳಿಗ್ಗೆ ಆಫೀಸಿಗೆ ಬಂದವರೇ ನನ್ನ ಹೊಲಿಗೆ ಪೆಟ್ಟಿಗೆ ಮುಂದೆ ನಿಂತು, "ಒಂದು ಸೂಜಿ ಕೊಡು ತಾಯಿ. ಸಣ್ಣ ಕಣ್ಣಿಂದು," ಎಂದರು. ಕೊಟ್ಟೆ. ಜೊತೆಗೆ ಒಂದು ಗೇಣು ಕೆಂಪು ದಾರ. ಅಂದಿನಿಂದ ದಿನಾ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಜಗಲಿಯ ಬೆಳಕಿಗೆ ಬಂದು, ಉಸಿರು ಕಟ್ಟಿ, ಸೂಜಿಗೆ ದಾರ ಪೋಣಿಸುವುದು. ಒಂದೇ ಸಲಕ್ಕೆ ಹೋದರೆ ನನ್ನ ಕಡೆ ನೋಡಿ ತಲೆಯಾಡಿಸಿ, ಸೂಜಿಯನ್ನು ಕೋಟಿನ ಕಾಲರಿಗೆ ಚುಚ್ಚಿಕೊಂಡು ಕೆಲಸಕ್ಕೆ ಹೋಗುವುದು. ಯಾಕೆ ಎಂದು ನನಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಆಫೀಸಿನಲ್ಲಿ ತಲೆಗೊಂದು ಕಥೆ. ಹರಕೆ ಎಂದರು ಕೆಲವರು. ಮನೆಯಲ್ಲಿ ಹೆಂಡತಿ ಗುಂಡಿ ಹಾಕಿಕೊಡುವುದಿಲ್ಲ ಎಂದರು ಕೆಲವರು. ಜವಾನನಂತೂ ಹತ್ತು ಗಂಟೆಗೆ ಗಡಿಯಾರ ನೋಡುವುದನ್ನೇ ಬಿಟ್ಟ. ಸಾಹೇಬರು ಸೂಜಿ ತೆಗೆದರೆ ಗಂಟೆ ಹೊಡೆಯುತ್ತಿದ್ದ.

ಹೋಲಿಕೆ ಕೊಡುವುದನ್ನು ಅವತ್ತಿನಿಂದ ಬಿಟ್ಟರು. ಊರೂರಿನಲ್ಲಿ ಡಬ್ಬಿ ಎತ್ತಿ ಹಿಡಿದು, "ಇದು ವಿಷ. ಬೀಜಕ್ಕೆ ಹಾಕಿ, ಬಿತ್ತಿ, ಕೈ ತೊಳೀರಿ. ತಿನ್ನಬೇಡಿ, ತಿನ್ನಿಸಬೇಡಿ," ಇಷ್ಟೇ. ಅಷ್ಟು ಹೇಳಿ ಇಳಿದುಬಿಡುತ್ತಿದ್ದರು. ಜನಕ್ಕೆ ಬೇಜಾರು. ಒಂದು ಮದುವೆಯಲ್ಲಿ ವಧೂವರರಿಗೆ ನಾಕು ಮಾತು ಹೇಳಿ ಎಂದು ಎಬ್ಬಿಸಿದರು. ಇವರು ಎದ್ದು ನಿಂತು ಬಹಳ ಹೊತ್ತು ಯೋಚಿಸಿ, "ಗಂಡ ಹೆಂಡತಿ ಅಂದರೆ... ಗಂಡ ಹೆಂಡತಿ ಇದ್ದ ಹಾಗೆ ಇರಬೇಕು," ಎಂದು ಕೂತರು.

ನೆಪ ಹುಡುಕಿ ವಾರಕ್ಕೊಮ್ಮೆ ನಿಂಗಮ್ಮನ ಊರಿಗೆ ಹೋಗುತ್ತಿದ್ದರು. ಜಯಮ್ಮನ ಮುಖ ನೋಡುವುದು, ಏನಾದರೂ ಮಾತಾಡಿಸಿ ಅವಳ ಮಾತು ತೊದಲುತ್ತದೆಯೇ ನೋಡುವುದು. ತಿಂಗಳಿಗೊಮ್ಮೆ ಅವಳನ್ನು ಡಾಕ್ಟರಿಗೆ ತೋರಿಸಿಕೊಂಡು ಬರುವ ಕೆಲಸ ನನ್ನದು. ಜಯಮ್ಮ ನನ್ನ ಹೊಲಿಗೆ ಕ್ಲಾಸಿಗೂ ಬರುತ್ತಿದ್ದಳು. ಅವಳ ಹೊಲಿಗೆ ನೇರವಾಗಿತ್ತು. ಪ್ರತಿ ವಾರ ಅವಳು ಹೊಲಿದ ಒಂದು ತುಂಡು ಬಟ್ಟೆ ತಂದು ತೋರಿಸೆಂದು ಇವರ ಅಪ್ಪಣೆ. ಬೆಳಕಿಗೆ ಹಿಡಿದು, ಒಂದೊಂದು ಹೊಲಿಗೆಯನ್ನೂ ಉಗುರಿನಿಂದ ತಡವಿ, "ಅಡ್ಡಿಯಿಲ್ಲ," ಎನ್ನುತ್ತಿದ್ದರು. ನನ್ನ ಹೊಲಿಗೆ ಪರೀಕ್ಷೆಯ ಮೇಷ್ಟರೂ ಅಷ್ಟು ಕಟ್ಟುನಿಟ್ಟಿರಲಿಲ್ಲ.

ಚಿಂತೆಗೆ ಮೊದಲೇ ಇಲ್ಲದ ಮೈ ಇನ್ನೂ ಇಳಿಯಿತು. ನಿಂಗಮ್ಮನಿಗೆ ಕನಿಕರ ಬಂತು. ಹೋದಾಗಲೆಲ್ಲ ಎರಡು ಬೇಯಿಸಿದ ಮೊಟ್ಟೆ ಇವರ ಮುಂದೆ ಇಡುತ್ತಿದ್ದಳು.

"ಬ್ಯಾಡ ನಿಂಗಮ್ಮ."

"ಸುಮ್ಕೆ ತಿನ್ನಿ ಸಾ. ಮೈಯೆಲ್ಲ ಮೂಳೆ ಆಗದೆ. ನಮ್ ಕರಿ ಕೋಳಿದು ಇದು, ಬ್ಯಾರೆಯವ್ರಿಗೆ ಮುಟ್ಸಾಕಿಲ್ಲ ನಾನು. ನಿಮಗೇ ಅಂತ ಎತ್ತಿಕ್ತೀನಿ."

ತಿನ್ನುತ್ತಿದ್ದರು, ಪಾಪ. ಆಕೆಯ ಮಾತಿಗೆ ಎದುರಿಲ್ಲ ಎಂದೆನಲ್ಲ.

ನಾಲ್ಕನೆಯ ತಿಂಗಳು. ಜಯಮ್ಮ ಹೆರಿಗೆಗೆ ತವರಿಗೆ ಹೋಗಿದ್ದಳು, ಅರಕಲಗೂಡು ಕಡೆ. ಒಂದು ಮೋಡದ ಬೆಳಿಗ್ಗೆ ಜಗಲಿಯ ಮೇಲೆ ಸೂಜಿ ತೆಗೆದರು. ದಾರ ಹೋಗಲಿಲ್ಲ. ನೆಕ್ಕಿ ಚೂಪು ಮಾಡಿ ಮತ್ತೆ ನೋಡಿದರು. ಹೋಗಲಿಲ್ಲ. ಆರು ಸಲ, ಏಳು ಸಲ. ಜವಾನ ಕೋಲು ಎತ್ತಿ ಹಿಡಿದು ಕಾಯುತ್ತಿದ್ದಾನೆ, ಗಂಟೆ ಹೊಡೆಯುವುದೋ ಬೇಡವೋ ತಿಳಿಯದೆ. ಇವರು ನನ್ನ ಕಡೆ ತಿರುಗಿದರು. ತುಟಿ ಒಣಗಿತ್ತು.

"ಬಂತು ತಾಯಿ," ಎಂದರು. "ನನಗೆ ಬಂತು ಅಂದಮೇಲೆ ಅವಳಿಗೂ..."

ಕಂಬ ಹಿಡಿದುಕೊಂಡು ಕೂತರು. ಅವರನ್ನು ಮನಸಾರೆ ಬೈಯುತ್ತಿದ್ದವಳು ನಾನು, ಅವತ್ತು ಅವರ ಕೊಡೆಯನ್ನು ನಾನೇ ಎತ್ತಿಕೊಂಡೆ. ಇಬ್ಬರೂ ಹಾಸನದ ಬಸ್ಸು ಹತ್ತಿದೆವು. ಡಾಕ್ಟರು ಇವರ ಕೈ ಮುಂದಕ್ಕೆ ಚಾಚಿಸಿ, ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಅಲುಗಲಿಲ್ಲ. ಆಮೇಲೆ ಪತ್ರಿಕೆ ಕೊಟ್ಟು ಓದಿ ಎಂದರು. ಇವರು ಹಿಡಿದು ನೋಡಿದರು, ದೂರ ಹಿಡಿದರು, ಇನ್ನೂ ದೂರ ಹಿಡಿದರು.

"ಇನ್ನೂ ಚೂರು ಉದ್ದ ತೋಳಿದ್ದಿದ್ರೆ ಓದ್ತಿದ್ದೆ ಸಾರ್."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ಪಾದರಸ ಅಲ್ಲಪ್ಪಾ ಮಹಾರಾಯ. ಚಾಳೀಸು! ವಯಸ್ಸಾಯ್ತು ನಿಮಗೆ!"

ವಯಸ್ಸಾಯಿತು ಎಂದು ಹೇಳಿಸಿಕೊಂಡು ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಹಾಸನದ ಪೇಟೆಯಲ್ಲೇ ಕನ್ನಡಕಕ್ಕೆ ಕೊಟ್ಟು, ಒಂದು ಪೊಟ್ಟಣ ಜಿಲೇಬಿ ಕೊಂಡರು. ಬಸ್ಸಿನಲ್ಲಿ ಗುರುತು ಪರಿಚಯ ಇಲ್ಲದವರಿಗೆಲ್ಲ ಹಂಚಿದರು. "ಏನ್ ಸಮಾಚಾರ ಸ್ವಾಮಿ, ಮಗು ಗಿಗು ಉಟ್ತಾ?" ಎಂದು ಯಾರೋ ಕೇಳಿದರು. "ಇಲ್ಲ, ಕಣ್ಣು ಮಂಜಾಯ್ತು," ಎಂದರು ಇವರು. ಕೇಳಿದವನು ಜಿಲೇಬಿ ಹಿಡಿದುಕೊಂಡು ಕಣ್ಣು ಕಣ್ಣು ಬಿಟ್ಟ.

ಹತ್ತು ಹನ್ನೆರಡು ದಿನಕ್ಕೆ ತವರಿನಿಂದ ಸುದ್ದಿ ಬಂತು. ಹೆಣ್ಣು ಮಗು. ಇವರು ರಜೆ ಹಾಕಿ, ಸ್ವಂತ ಊರಿಗೆ ಹೋಗುವವರ ಹಾಗೆ ಹೊರಟು, ಮೊದಲು ಆ ಮನೆಗೆ ಹೋದರು. ಮಗುವಿನ ಅಂಗೈಗೆ ತಮ್ಮ ಬೆರಳು ಕೊಟ್ಟರಂತೆ. ಅದು ಗಪ್ಪನೆ ಹಿಡಿಯಿತು. ಬಿಡಲೇ ಇಲ್ಲ. ತೊಟ್ಟಿಲ ಮೇಲೆ ಬಗ್ಗಿ ನಿಂತ ಇವರು, ಬೆರಳು ಎಳೆದುಕೊಂಡರೆ ಎಲ್ಲಿ ಅಳುತ್ತದೋ ಎಂದು ಹಾಗೇ ನಿಂತು ಸೊಂಟ ಹಿಡಿಸಿಕೊಂಡರು. ಎರಡು ದಿನ ನೆಟ್ಟಗೆ ನಿಲ್ಲಲಾಗದೆ ವಾಪಸು ಬಂದವರು ನನ್ನ ಮುಂದೆ ಆ ಬೆರಳನ್ನೇ ಎತ್ತಿ ತೋರಿಸಿದರು. "ಏನ್ ಹಿಡಿತ ತಾಯಿ! ಏನ್ ಹಿಡಿತ!"

ಅಲ್ಲಿಗೆ ಮುಗಿಯಿತೇ? ಎಲ್ಲಿ ಮುಗಿಯುತ್ತದೆ? ಕಾಲು ಹಿಡಿ ಉಳಿದಿತ್ತಲ್ಲ ಲೆಕ್ಕದಲ್ಲಿ. ಮಗು ಕತ್ತು ನಿಲ್ಲಿಸಿತೇ, ಮಗುಚಿತೇ, ತೊದಲಿತೇ, ಎಲ್ಲವೂ ತಿಳಿಯಬೇಕು. ಅದನ್ನೆಲ್ಲ ಎಲ್ಲಿ ಬರೆದಿಡುವುದು? ಆಫೀಸಿನ ದಿನಚರಿಯಲ್ಲೇ, ಬೆಳೆ ತಪಾಸಣೆ ಎನ್ನುವ ಕಡೆ. ಒಂದು ದಿನ ಬಿ.ಡಿ.ಒ. ಸಾಹೇಬರು ಕೂಗಿ ಕರೆದರು. ಬಾಗಿಲ ಹೊರಗಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು.

"ಈ ಒಂದೇ ಹಳ್ಳಿಗೆ ಇಷ್ಟೊಂದು ಸಲ ತಪಾಸಣೆ ಯಾಕ್ರೀ? ಅದು ಹೋಗಲಿ. ಇದೇನಿದು? 'ಬೆಳವಣಿಗೆ ತೃಪ್ತಿಕರ, ಕೆಳಗಡೆ ಎರಡು ಹಲ್ಲು ಬಂದಿವೆ.' ಯಾವ ಬೆಳೆಗ್ರೀ ಹಲ್ಲು ಬಂದಿರೋದು?"

ಇವರು ಎರಡು ಸಲ ಕೆಮ್ಮಿದ್ದು ಕೇಳಿಸಿತು.

"ಜೋಳಕ್ಕೆ ಸಾರ್," ಎಂದರು ಇವರು. "ಹೊಸ ತಳಿ."

ಹೀಗೆ ವರ್ಷಗಳು ಕಳೆದವು. ಮಗುವಿಗೆ ರತ್ನ ಎಂದು ಹೆಸರಿಟ್ಟರು. ಓಡಿತು, ಬಿದ್ದಿತು, ಬೈಗುಳ ಕಲಿಯಿತು. ಪ್ರತಿ ಎರಡು ತಿಂಗಳಿಗೆ ಇವರು ನನ್ನ ಹತ್ತಿರ ಬಂದು ಗುಟ್ಟು ಹೇಳುವವರ ಹಾಗೆ, "ಅರ್ಧದಲ್ಲರ್ಧ ತಾಯಿ," ಎನ್ನುತ್ತಿದ್ದರು. "ಇನ್ನು ಎಳ್ಳಿನಷ್ಟೂ ಇರಲಾರದು, ಬಿಡಿ," ಎಂದರೆ, "ಎಳ್ಳಿನಷ್ಟು ಇಲ್ಲ, ಒಪ್ಪಿದೆ. ಆದರೆ ಸೊನ್ನೆ ಅಲ್ಲವಲ್ಲ," ಎನ್ನುವರು. ಸೂಜಿ ಕಾಲರಿನಲ್ಲೇ ಇತ್ತು. ಅವರಿಗೆ ಹೊಳೆನರಸೀಪುರಕ್ಕೆ ವರ್ಗವಾದಾಗ ಅದೂ ಜೊತೆಗೆ ಹೋಯಿತು.

ಅಲ್ಲೇ ಅವರು ನಿವೃತ್ತಿಯಾದರು. ರತ್ನನಿಗೆ ಆಗ ಏಳು ವರ್ಷ. ಬೀಳ್ಕೊಡುಗೆಗೆ ನಾನೂ ಹೋಗಿದ್ದೆ. ಹಾರ, ಭಾಷಣ, ಒಂದು ಕೈಗಡಿಯಾರ. ಎಲ್ಲ ಮುಗಿದು ನಾವು ಜಗಲಿಯಲ್ಲಿ ಕೂತಿದ್ದಾಗ ಜಯಮ್ಮ ಮಗಳ ಕೈಹಿಡಿದು ಬಂದಳು. ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ನಿಂಗಮ್ಮ ಹಿಂದಿನ ವರ್ಷ ತೀರಿಕೊಂಡಿದ್ದಳು. ಸೊಸೆಗೆ ಈಗ ಅತ್ತೆಯ ದನಿ ಬಂದಿತ್ತು. ಮುಂದಿನ ಹಲ್ಲೆರಡೂ ಬಿದ್ದಿದ್ದ ರತ್ನ ಒಂದು ಸಣ್ಣ ಕುಕ್ಕೆಯನ್ನು ಇವರ ಮುಂದೆ ಇಟ್ಟಳು. ಬೇಯಿಸಿದ ಮೊಟ್ಟೆ.

"ನಮ್ಮತ್ತೆ ಇದ್ದಿದ್ರೆ ಅವ್ರೇ ಬರೋರು ಸಾ," ಎಂದಳು ಜಯಮ್ಮ. "ನಿಮ್ ಮ್ಯಾಲೆ ಅಷ್ಟು ಜೀವ. ನಿಮ್ ಮಾತು ಅಂದ್ರೆ ದೇವ್ರ ಮಾತು. ನಂಗಂತೂ ಪ್ರಾಣಸಂಕಟ ಆಗೋಗಿತ್ತು. ಆ ಕೂರ್ಗೆ ಗುಗ್ಗರಿ ದಿನ ನೆಪ್ಪದಾ? ಮದ್ದು ತಿನ್ನು ಮದ್ದು ತಿನ್ನು ಅಂತ ಒಂದ್ ಇಡಿ ತಟ್ಟೆಗಾಕಿ ಎದ್ರುಗೇ ಕುಂತ್ಬುಟ್ರು. ಥೂ, ಏನ್ ವಾಸ್ನೆ ಅದು! ಬಸುರಿ ಮೂಗು ಬೇರೆ. ಅತ್ತೆ ಇನ್ನೊಂಚೂರು ಬೆಲ್ಲ ತರಾಕೆ ಅಂತ ಒಳಿಕ್ಕೋದ್ರು ನೋಡಿ, ತಟ್ಟೆ ಎತ್ತಿ ಅಷ್ಟೂನೂ ಹಿತ್ತಲ ಬಾಗ್ಲಿಂದ ಸುರ್ದ್ಬುಟ್ಟೆ. ಒಂದ್ ಕಾಳು ಬಾಯ್ಗೆ ಇಕ್ಲಿಲ್ಲ. ಅತ್ತೆ ಬದುಕಿರೋಗಂಟ ಬಾಯ್ಬುಡೋ ಅಂಗಿತ್ತಾ? ಈಗ ಏಳ್ತಾ ಇವ್ನಿ, ನಗ್ಬ್ಯಾಡಿ."

ನಾವು ಯಾರೂ ನಗಲಿಲ್ಲ. ನನ್ನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತ್ತು. ಅವಳಿಗೆ ಏನು ಗೊತ್ತು? ಅವಳನ್ನು ಹೆದರಿಸಬಾರದೆಂದು, ಮೈಯಲ್ಲಿ ಉಳಿಯುವ ಪಾದರಸದ ಲೆಕ್ಕವನ್ನು ನಾವು ಅವಳಿಗೆ ಹೇಳಿರಲೇ ಇಲ್ಲ. ಸೂಜಿ ಯಾಕೆಂದು ಅವಳು ಕೇಳಿರಲೂ ಇಲ್ಲ.

ಇವರು ಬಹಳ ಮೆತ್ತಗೆ ಕೇಳಿದರು: "ಒಂದ್ ಕಾಳೂ ತಿನ್ಲಿಲ್ವಾ ಮಗಾ?"

"ನಿಮ್ಮಾಣೆಗೂ ಇಲ್ಲ ಸಾ."

"ಹಿತ್ತಲಲ್ಲಿ ಸುರಿದದ್ದು ಏನಾಯ್ತು?"

"ಅಲ್ಲೇ ಕೆದ್ರಿಕ್ಯಂಡಿತ್ತಲ್ಲ, ನಮ್ ಕರಿ ಕೋಳಿ, ಪಟಪಟ ಅಂತ ನುಂಗ್ಬುಡ್ತು."

ಇವರು ಕುಕ್ಕೆಯ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಆ ವರ್ಷ ಆ ಕರಿ ಕೋಳಿ ಇಟ್ಟ ಮೊಟ್ಟೆಗಳನ್ನೆಲ್ಲ, ಬೇರೆಯವರಿಗೆ ಮುಟ್ಟಿಸದೆ, ನಿಂಗಮ್ಮ ಯಾರಿಗೆ ತಿನ್ನಿಸಿದ್ದಳು ಎನ್ನುವುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು.

"ಹಾಗಾದರೆ ನನ್ನ ಹಿಡಿಯೂ ನನಗೇ, ಅವಳ ಹಿಡಿಯೂ ನನಗೇ," ಎಂದರು. ಅವರ ಹೊಟ್ಟೆ ಕುಲುಕತೊಡಗಿತು. ನಕ್ಕರು, ಚಾಳೀಸು ಕಳಚಿ ಬಿದ್ದು ಹೋಗುವ ಹಾಗೆ ನಕ್ಕರು. ನಗುನಗುತ್ತಲೇ ಕಣ್ಣಲ್ಲಿ ನೀರು ಸುರಿಯಿತು. ಏನೂ ಅರ್ಥವಾಗದ ಜಯಮ್ಮ ಸೆರಗು ಬಾಯಿಗಿಟ್ಟುಕೊಂಡು ತಾನೂ ನಕ್ಕಳು. ಅವರು ರತ್ನನನ್ನು ಹತ್ತಿರ ಎಳೆದುಕೊಂಡು ಅವಳ ತಲೆಯ ಮೇಲೆ ಕೈಯಿಟ್ಟರು.

"ಏಳು ವರ್ಷದಿಂದ ಅರ್ಧ ಅರ್ಧ ಮಾಡ್ತಾ ಕೂತಿದ್ದೆ ತಾಯಿ," ಎಂದರು ನನಗೆ. "ಇವತ್ತು ಸೊನ್ನೆ ಆಯ್ತು."

"ನಿಮ್ಮದು?" ಎಂದೆ.

"ನನ್ನದು ಇರಲಿ ಬಿಡು. ಅದು ನನ್ನ ಜೊತೆ ಹೋಗತ್ತೆ."

ಕಾಲರಿನಿಂದ ಸೂಜಿ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಮಂಡಲಿ ಸಾಮಾನು, ಸರ್ಕಾರದ್ದು. ರಿಟೈರಾಗೋ ದಿನ ವಾಪಸು ಕೊಡಬೇಕಲ್ಲ." ಆಮೇಲೆ ಕುಕ್ಕೆಯಿಂದ ಒಂದು ಮೊಟ್ಟೆ ಎತ್ತಿಕೊಂಡು, ಎಲ್ಲ ಕಡೆ ತಿರುಗಿಸಿ ನೋಡಿ, "ಇದು ಯಾವ ಕೋಳೀದು ಮಗಾ?" ಎಂದು ರತ್ನನನ್ನು ಕೇಳಿದರು. "ಬಿಳೀದು," ಎಂದಳು ಅವಳು. ಸಿಪ್ಪೆ ಬಿಡಿಸಿ, ಅರ್ಧ ಅವಳಿಗೆ ಕೊಟ್ಟು, ಅರ್ಧ ತಾವು ತಿಂದರು.

ಆ ಸೂಜಿಯನ್ನು ನಾನು ಸರ್ಕಾರಕ್ಕೆ ಕೊಡಲಿಲ್ಲ. ನನ್ನ ಪೆಟ್ಟಿಗೆಯಲ್ಲೇ ಇದೆ. ಮೊನ್ನೆ ಕಾರ್ಡು ಓದಿದ ಮೇಲೆ ಅದನ್ನು ಹುಡುಕಿ ತೆಗೆದು, ಕನ್ನಡಕ ಹಾಕಿಕೊಂಡು, ಜಗಲಿಯ ಬೆಳಕಿಗೆ ಹೋಗಿ ದಾರ ಪೋಣಿಸಲು ಕೂತೆ. ಹೋಗಲಿಲ್ಲ. ಮತ್ತೆ ನೋಡಿದೆ, ಮತ್ತೆ ಹೋಗಲಿಲ್ಲ. ಕೈ ನಡುಗುತ್ತಿತ್ತು. ನಾನಂತೂ ಆ ಗುಗ್ಗರಿಯ ಒಂದು ಕಾಳೂ ತಿಂದವಳಲ್ಲ.